ಒದೆಯುವ ಪತಿ, ಎದೆ ಅಮುಕುವ ನೆರಳು, ಉದುರುವ ಹಲ್ಲು

ಪ್ರಶ್ನೆ: ನಮ್ಮ ಯಜಮಾನರಿಗೆ 63 ವರ್ಷ. ಹಗಲಲ್ಲಿ ಗಟ್ಟಿಯಾಗಿ ಮಾತಾಡಿದವರಲ್ಲ. ಈಗ ಒಂದು ವರ್ಷದಿಂದ ಬೆಳಗಿನ ಜಾವ ನಿದ್ದೆಯಲ್ಲೇ ಬೈಯುತ್ತಾರೆ, ಕೈಕಾಲು ಬೀಸುತ್ತಾರೆ. ಮೊನ್ನೆ ಮಂಚದಿಂದ ಬಿದ್ದು ಹುಬ್ಬು ಒಡೆಯಿತು. ಕೇಳಿದರೆ ‘ನಾಯಿ ಅಟ್ಟಿಸಿಕೊಂಡು ಬಂತು, ಒದ್ದೆ’ ಎಂದರು. ನನ್ನ ಮೇಲೆ ಒಳಗೊಳಗೇ ಸಿಟ್ಟಿದೆಯೇ?
– ಹೆಸರು ಬೇಡ, ಶಿರಸಿ

ಉತ್ತರ: ಆ ಸಂಶಯ ಬಿಟ್ಟುಬಿಡಿ ಅಮ್ಮಾ. ಸಿಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಕನಸುಗಳು ಹೆಚ್ಚಾಗಿ ಬೀಳುವುದು ‘ರೆಮ್’ ಎಂಬ ನಿದ್ದೆಯ ಹಂತದಲ್ಲಿ. ಷಿಕಾಗೊದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಇದನ್ನು ಗುರುತಿಸಿದರು. ಆಗ ರೆಪ್ಪೆಯೊಳಗೆ ಕಣ್ಣು ಚುರುಕಾಗಿ ಹೊರಳುತ್ತದೆ, ಉಸಿರಾಟ ನಡೆದಿರುತ್ತದೆ. ಕೈಕಾಲಿನ ಸ್ನಾಯುಗಳನ್ನು ಮಾತ್ರ ಮಿದುಳಿನ ಕಾಂಡ ಸಡಿಲಗೊಳಿಸಿ ತಡೆದಿಡುತ್ತದೆ. ಆ ತಡೆ ತಪ್ಪಿದರೆ ಕನಸಿನ ಓಟ, ಒದೆತ ಹಾಸಿಗೆಯಲ್ಲೇ ನಡೆದುಹೋಗುತ್ತದೆ. ರಾತ್ರಿಯ ಕೊನೆಯ ಭಾಗದಲ್ಲಿ ರೆಮ್ ಹೆಚ್ಚು, ಹಾಗಾಗಿ ಬೆಳಗಿನ ಜಾವದಲ್ಲೇ ಈ ಗಲಾಟೆ. 1986ರಲ್ಲಿ ಮಿನೆಸೋಟದ ಶೆಂಕ್, ಮಹೋವಾಲ್ಡ್ ಮತ್ತು ಸಂಗಡಿಗರು ಇದನ್ನು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು. ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚಾಗಿ ಪತ್ತೆಯಾಗುತ್ತದೆ.

ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ಉಸಿರುಕಟ್ಟುವ ಗೊರಕೆ, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ಮಾಡುವ ನಿದ್ರಾ ಪರೀಕ್ಷೆಯಿಂದ ಕಾರಣ ತಿಳಿಯುತ್ತದೆ. ಈ ಕಾಯಿಲೆಯಿರುವ ಹಲವರಿಗೆ ವರ್ಷಗಳ ನಂತರ ಪಾರ್ಕಿನ್ಸನ್ ಬರುತ್ತದೆ. ಆದ್ದರಿಂದ ವಾಸನೆ ತಿಳಿಯದಿರುವುದು, ಮಲಬದ್ಧತೆ, ಕೈನಡುಕ ಇದ್ದರೆ ವೈದ್ಯರಿಗೆ ಹೇಳಿ. ಅಲ್ಲಿಯವರೆಗೆ ಅವರ ಹಾಸಿಗೆ ನೆಲದ ಮೇಲಿರಲಿ. ಮೇಜು, ಗಾಜಿನ ಲೋಟ ದೂರ ಸರಿಸಿ, ನೀವು ಬೇರೆ ಮಲಗಿ. ಮೈಮುಟ್ಟಿ ಅಲುಗಾಡಿಸಬೇಡಿ, ದೂರದಿಂದ ಕೂಗಿ ಎಬ್ಬಿಸಿ. ನಿದ್ದೆ ಮಾತ್ರೆಯನ್ನು ನೀವೇ ತಂದು ಕೊಡಬೇಡಿ.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ಎಚ್ಚರವಾದರೂ ಬೆರಳು ಕೂಡ ಅಲುಗಾಡುವುದಿಲ್ಲ, ಕೂಗಲು ಆಗುವುದಿಲ್ಲ. ಯಾರೋ ಎದೆ ಮೇಲೆ ಕೂತ ಹಾಗೆ ಭಾರ. ಬಾಗಿಲ ಬಳಿ ಕಪ್ಪು ನೆರಳು. ಅಜ್ಜಿ ದಿಂಬಿನ ಕೆಳಗೆ ಕಬ್ಬಿಣ ಇಡು ಎನ್ನುತ್ತಾರೆ.
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮೇಲಿನ ಪತ್ರದಲ್ಲಿ ತಪ್ಪಿಹೋದ ತಡೆ ನಿಮ್ಮಲ್ಲಿ ಬೇಗ ಬಿಡುತ್ತಿಲ್ಲ, ಅಷ್ಟೆ. ಮನಸ್ಸು ಎದ್ದಿರುತ್ತದೆ, ಮೈ ಇನ್ನೂ ರೆಮ್‌ನಲ್ಲಿರುತ್ತದೆ. ಉಳಿದ ಕನಸು ನೆರಳಾಗಿ ಕಾಣುತ್ತದೆ. ಜಪಾನಿನಲ್ಲಿ ಇದಕ್ಕೆ ‘ಕನಾಶಿಬಾರಿ’ ಎನ್ನುತ್ತಾರೆ, ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಎದೆ ಮೇಲೆ ಮುದುಕಿ ಕೂರುತ್ತಾಳೆ ಎನ್ನುತ್ತಾರೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಾನಾಗಿ ಬಿಡುತ್ತದೆ, ಪ್ರಾಣಕ್ಕೆ ಅಪಾಯವಿಲ್ಲ. ಪರೀಕ್ಷೆಗೆಂದು ನಿದ್ದೆಗೆಡುವುದು, ಅಂಗಾತ ಮಲಗುವುದು ಇದನ್ನು ಹೆಚ್ಚಿಸುತ್ತವೆ. ಪಕ್ಕಕ್ಕೆ ತಿರುಗಿ ಮಲಗಿ, ದಿನವೂ ಒಂದೇ ಹೊತ್ತಿಗೆ ಏಳಿ. ಹಗಲಲ್ಲೂ ತಡೆಯಲಾರದ ನಿದ್ದೆ ಬಂದರೆ, ಜೋರಾಗಿ ನಕ್ಕಾಗ ಮಂಡಿ ಕುಸಿದರೆ, ಅದು ನಾರ್ಕೊಲೆಪ್ಸಿ ಇರಬಹುದು. ಆಗ ವೈದ್ಯರನ್ನು ಕಾಣಲೇಬೇಕು. ಅಜ್ಜಿಯ ಕಾಳಜಿಗೆ ಬೆಲೆ ಕೊಡಿ, ಹೆದರಿಕೆಯನ್ನು ಬಿಡಿ.

ಪ್ರಶ್ನೆ: ಹಲ್ಲು ಉದುರಿದ ಕನಸು ಮತ್ತೆ ಮತ್ತೆ ಬೀಳುತ್ತಿದೆ. ಮನೆಯಲ್ಲಿ ಸಾವಾಗುತ್ತದಂತೆ. ಹಾಗಿದ್ದರೆ ಕನಸು ಬೀಳುವುದಾದರೂ ಏಕೆ?
– ಗೃಹಿಣಿ, ಮಂಡ್ಯ

ಉತ್ತರ: ಯಾವ ಸಾವನ್ನೂ ಅದು ಮುಂಚಿತವಾಗಿ ಹೇಳುವುದಿಲ್ಲ. ‘ಏಕೆ’ ಎಂಬುದಕ್ಕೆ ಎಲ್ಲರೂ ಒಪ್ಪಿದ ಉತ್ತರವಿಲ್ಲ. ಅದುಮಿಟ್ಟ ಆಸೆಗಳು ವೇಷ ಮರೆಸಿ ಬರುತ್ತವೆ ಎಂದರು ಫ್ರಾಯ್ಡ್. ಮಿದುಳಿನ ಕಾಂಡದಿಂದ ಎದ್ದ ಸಂಕೇತಗಳಿಗೆ ಮೇಲಿನ ಮಿದುಳು ಕಥೆ ಕಟ್ಟುತ್ತದೆ ಎಂದು 1977ರಲ್ಲಿ ಹಾಬ್ಸನ್ ಮತ್ತು ಮೆಕಾರ್ಲಿ ವಾದಿಸಿದರು. ಅಪಾಯ ಎದುರಿಸುವ ತಾಲೀಮು ಎಂಬುದು ಫಿನ್‌ಲ್ಯಾಂಡಿನ ರೆವೊನ್ಸುವೊ 2000ದಲ್ಲಿ ಮಂಡಿಸಿದ ಸಿದ್ಧಾಂತ. ಹಗಲಿನ ನೋವನ್ನು ಮನಸ್ಸು ಹದಗೊಳಿಸಿಕೊಳ್ಳುವ ಬಗೆ ಎಂದರು ರೊಸಾಲಿಂಡ್ ಕಾರ್ಟ್‌ರೈಟ್. ಹಲ್ಲಿನ ಕನಸಿಗೆ ಇಂಥದ್ದೇ ಅರ್ಥ ಎಂಬುದಕ್ಕೆ ಮಾತ್ರ ವೈಜ್ಞಾನಿಕ ಆಧಾರವಿಲ್ಲ.

ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ದಂತವೈದ್ಯರಿಗೆ ತೋರಿಸಿ. ಕನಸಿನ ಭಯದಿಂದ ಮಲಗಲು ಹೆದರಿಕೆಯಾಗುತ್ತಿದ್ದರೆ ಒಂದು ಚಿಕಿತ್ಸೆ ಇದೆ. ಹಗಲಲ್ಲಿ ಆ ಕನಸನ್ನು ಬರೆದು, ಕೊನೆಯನ್ನು ನಿಮಗೆ ಬೇಕಾದಂತೆ ಬದಲಿಸಿ, ಹೊಸ ಕಥೆಯನ್ನು ದಿನಕ್ಕೆ ಹತ್ತು ನಿಮಿಷ ಕಣ್ಮುಚ್ಚಿ ಕಲ್ಪಿಸಿಕೊಳ್ಳಿ. ಕೆಲವು ವಾರ ಮಾಡಿಯೂ ಕಡಿಮೆಯಾಗದಿದ್ದರೆ ಮನೋವೈದ್ಯರ ಬಳಿ ಹೋಗಿ. ಅವರ ಮುಂದೆ ಕನಸಿನ ಜೊತೆಗೆ, ಎಷ್ಟು ಹೊತ್ತಿಗೆ ಮಲಗುತ್ತೀರಿ, ಎಷ್ಟು ಸಲ ಎಚ್ಚರವಾಗುತ್ತದೆ ಎಂಬುದನ್ನೂ ಹೇಳಿ. ಚಿಕಿತ್ಸೆಗೆ ಅವರಿಗೆ ಹೆಚ್ಚು ನೆರವಾಗುವುದು ಆ ವಿವರವೇ.