ಯಂತ್ರ ಓದುವುದು ಲೇಬಲ್, ಮಾಲು ನೋಡಬೇಕಾದವರು ನೀವು

ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ, ಮಾಲೂರು ಕಡೆಯ ದೊಡ್ಡ ಗೋದಾಮುಗಳಿಗೂ ಊರೂರಿನ ಸೂಪರ್ ಮಾರ್ಕೆಟ್‌ಗಳಿಗೂ ಹೊಸದಾಗಿ ಕೆಲಸಕ್ಕೆ ಸೇರುತ್ತಿರುವ ಮಕ್ಕಳೇ, ಮೊದಲ ದಿನವೇ ನಿಮ್ಮ ಕೈಗೊಂದು ಸ್ಕ್ಯಾನರ್ ಬರುತ್ತದೆ. ಲೇಬಲ್ ಕಡೆ ಹಿಡಿ, ಗುಂಡಿ ಒತ್ತು, ‘ಬೀಪ್’ ಅಂದರೆ ಮುಂದಕ್ಕೆ ಹೋಗು ಎಂದು ಹೇಳಿಕೊಡಲು ಹತ್ತು ನಿಮಿಷ ಸಾಕು. ಅಷ್ಟನ್ನೇ ಕಲಿತು ವರ್ಷಗಟ್ಟಲೆ ದುಡಿಯುವವರೂ ಇದ್ದಾರೆ. ನೀವು ಅಲ್ಲಿಗೇ ನಿಲ್ಲಬಾರದು ಎಂಬ ಆಸೆಯಿಂದ ಈ ನಾಲ್ಕು ಮಾತು ಹೇಳುತ್ತಿದ್ದೇನೆ. ಬಿನ್ ಕಾರ್ಡನ್ನೂ ಸ್ಟಾಕ್ ರಿಜಿಸ್ಟರನ್ನೂ ಕೈಯಲ್ಲಿ ಬರೆಯುತ್ತಿದ್ದ ಕಾಲದಿಂದ ಸ್ಕ್ಯಾನರ್ ಕಾಲದವರೆಗೆ ಉಗ್ರಾಣದಲ್ಲೇ ದುಡಿದವನು ನಾನು. ಯಂತ್ರ ಬಂದದ್ದರಿಂದ ಎಷ್ಟು ಸುಖವಾಯಿತು ಎಂಬುದನ್ನೂ, ಯಂತ್ರವನ್ನು ಕಣ್ಣುಮುಚ್ಚಿ ನಂಬಿದಾಗ ಏನಾಗುತ್ತದೆ ಎಂಬುದನ್ನೂ ಹತ್ತಿರದಿಂದ ನೋಡಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಲಿ. ‘ಬೀಪ್’ ಸದ್ದಿಗೆ ಇರುವುದು ಒಂದೇ ಅರ್ಥ: ಒಂದು ಸಂಖ್ಯೆಯನ್ನು ಓದಿ ಆಯಿತು. ಪೆಟ್ಟಿಗೆಯೊಳಗೆ ಆ ಮಾಲೇ ಇದೆಯೇ, ಎಣಿಕೆ ಸರಿಯಿದೆಯೇ, ಮೂಲೆ ಒದ್ದೆಯಾಗಿದೆಯೇ, ಸೀಲ್ ಒಡೆದಿದೆಯೇ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಈ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ.

ಆ ಕಪ್ಪು ಗೆರೆಗಳಲ್ಲಿ ಏನಿದೆ ಎಂದು ತಿಳಿದುಕೊಳ್ಳಿ. ಬೆಲೆ ಅದರೊಳಗೇ ಅಡಗಿದೆ ಎಂದು ಬಹಳ ಜನ ಭಾವಿಸಿದ್ದಾರೆ. ಸೋಪು, ಬಿಸ್ಕತ್ತಿನ ಪ್ಯಾಕೆಟ್ಟಿನ ಮೇಲಿರುವ ಸಾಮಾನ್ಯ ಬಾರ್‌ಕೋಡ್‌ನಲ್ಲಿ ಇರುವುದು 13 ಅಂಕಿಗಳ ಒಂದು ಸಂಖ್ಯೆ ಮಾತ್ರ. ತರಗತಿಯಲ್ಲಿ ರೋಲ್ ನಂಬರ್ ಇದ್ದ ಹಾಗೆ ಅದು. ಹೆಸರು, ಬೆಲೆ, ತೂಕ ಎಲ್ಲವೂ ಅಂಗಡಿಯ ಕಂಪ್ಯೂಟರಿನಲ್ಲಿ ಇರುತ್ತದೆ. ಅಲ್ಲಿ ಯಾರಾದರೂ ತಪ್ಪು ಬೆಲೆ ತುಂಬಿದ್ದರೆ ಸ್ಕ್ಯಾನರ್ ಎಷ್ಟೇ ಸರಿಯಾಗಿ ಓದಿದರೂ ಬಿಲ್ಲು ತಪ್ಪೇ. ಸಂಖ್ಯೆ 890ರಿಂದ ಶುರುವಾದರೆ ಅದು ಭಾರತದಲ್ಲಿ ತಯಾರಾದ ಮಾಲು ಎನ್ನುವುದೂ ತಪ್ಪು ತಿಳಿವಳಿಕೆ. ಆ ಕಂಪನಿ ಜಿಎಸ್‌1 ಇಂಡಿಯಾ ಸಂಸ್ಥೆಯಿಂದ ಸಂಖ್ಯೆ ಪಡೆದಿದೆ ಎಂದಷ್ಟೇ ಅದರ ಅರ್ಥ. ಗಿರಾಕಿ ಕೇಳಿದರೆ ಸರಿಯಾದ ಉತ್ತರ ನಿಮ್ಮ ಬಾಯಲ್ಲಿ ಬರಬೇಕು.

ಕೊನೆಯ, ಅಂದರೆ 13ನೆಯ ಅಂಕಿಯ ಕೆಲಸ ಕಾವಲು. ಒಂದು ಕಾಗದ ತೆಗೆದುಕೊಂಡು ಲೆಕ್ಕ ಮಾಡಿ ನೋಡಿ. 8901234567890 ಎಂಬ ಸಂಖ್ಯೆಯನ್ನು ಹಿಡಿಯೋಣ. ಕೊನೆಯದನ್ನು ಬಿಟ್ಟು, ಎಡದಿಂದ ಒಂದು, ಮೂರು, ಐದು ಹೀಗೆ ಬೆಸ ಸ್ಥಾನದಲ್ಲಿರುವ 8, 0, 2, 4, 6, 8 ಕೂಡಿದರೆ 28. ಸಮ ಸ್ಥಾನದ 9, 1, 3, 5, 7, 9 ಕೂಡಿದರೆ 34, ಅದರ ಮೂರರಷ್ಟು 102. ಎರಡೂ ಸೇರಿ 130. ಇದು ಹತ್ತರ ಗುಣಕವಾಗಲು ಇನ್ನೆಷ್ಟು ಬೇಕು? ಸೊನ್ನೆ. ಆದ್ದರಿಂದ ಕೊನೆಯ ಅಂಕಿ ಸೊನ್ನೆ. ಯಾವುದೇ ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಹಿಡಿದು ಹಾಕುತ್ತದೆ. ಆದರೆ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿ, ಅವುಗಳ ನಡುವಿನ ವ್ಯತ್ಯಾಸ ಸರಿಯಾಗಿ ಐದೇ ಆಗಿದ್ದರೆ, 16 ಎನ್ನುವಲ್ಲಿ 61 ಬಿದ್ದರೆ, ಲೆಕ್ಕ ತಾಳೆಯಾಗಿಯೇ ಬಿಡುತ್ತದೆ. ಲೇಬಲ್ ಓದದೇ ಇದ್ದಾಗ ಸಂಖ್ಯೆಯನ್ನು ಕೈಯಿಂದ ಹೊಡೆಯುವವರು ಇದನ್ನು ನೆನಪಿಡಬೇಕು. ಹೊಡೆದ ಮೇಲೆ ಪರದೆಯ ಮೇಲೆ ಮೂಡಿದ ಹೆಸರನ್ನೂ ಕೈಯಲ್ಲಿರುವ ಪ್ಯಾಕೆಟ್ಟನ್ನೂ ಒಮ್ಮೆ ಹೋಲಿಸಿ ನೋಡಿ.

ಈ ಗೆರೆಗಳ ಹಿಂದೆ ಒಂದು ಕಥೆಯೂ ಇದೆ. ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಎಂಬಾತ ಮಯಾಮಿ ಬೀಚಿನ ಮರಳಿನಲ್ಲಿ ಮೋರ್ಸ್ ಸಂಕೇತದ ಚುಕ್ಕೆ, ಗೀಟುಗಳನ್ನು ಬೆರಳಿನಿಂದ ಕೆಳಕ್ಕೆ ಎಳೆದಾಗ ಹೊಳೆದ ಉಪಾಯ ಇದು. ಆತ ಮತ್ತು ಗೆಳೆಯ ಬರ್ನಾರ್ಡ್ ಸಿಲ್ವರ್ 1949ರಲ್ಲಿ ಅರ್ಜಿ ಹಾಕಿದರು, 1952ರ ಅಕ್ಟೋಬರ್ 7ರಂದು ಪೇಟೆಂಟ್ ಸಿಕ್ಕಿತು. ಆದರೆ ಅದನ್ನು ಓದಲು ಬೇಕಾದ ಅಗ್ಗದ ಲೇಸರ್ ಆಗಲಿ, ಕಂಪ್ಯೂಟರ್ ಆಗಲಿ ಆಗ ಇರಲಿಲ್ಲ. ಒಹಾಯೋ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಸೂಪರ್ ಮಾರ್ಕೆಟ್‌ನಲ್ಲಿ 1974ರ ಜೂನ್ 26ರಂದು ಒಂದು ಚ್ಯೂಯಿಂಗ್ ಗಮ್ ಪ್ಯಾಕೆಟ್ಟನ್ನು ಸ್ಕ್ಯಾನ್ ಮಾಡುವ ಹೊತ್ತಿಗೆ ಕಾಲು ಶತಮಾನವೇ ಕಳೆದಿತ್ತು. ಹುಡುಗನಾಗಿದ್ದಾಗ ಸ್ಕೌಟಿನಲ್ಲಿ ಕಲಿತ ಮೋರ್ಸ್ ವುಡ್‌ಲ್ಯಾಂಡ್‌ಗೆ ದೊಡ್ಡವನಾದ ಮೇಲೆ ಒದಗಿತು. ಕಲಿತದ್ದು ಎಲ್ಲಿ ಕೈ ಹಿಡಿಯುತ್ತದೋ ಯಾರೂ ಹೇಳಲಾರರು. ಗೋದಾಮಿನ ಕೆಲಸದಲ್ಲಿ ಕಲಿಯಲು ಏನಿದೆ ಎಂದು ಕೈಚೆಲ್ಲಬೇಡಿ.

ಕೌಂಟರಿನಲ್ಲಿ ಕೂರುವವರಿಗೆ ಒಂದು ಮಾತು. ಬೆಲೆ ಬದಲಾದಾಗ ಅದೇ ಮಾಲಿನ ಹಳೆಯ ಪ್ಯಾಕೆಟ್ಟಿಗೂ ಹೊಸ ಪ್ಯಾಕೆಟ್ಟಿಗೂ ಸಾಮಾನ್ಯವಾಗಿ ಬಾರ್‌ಕೋಡ್ ಒಂದೇ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವಲ್ಲ, ಅಂಥ ಹೊತ್ತಿನಲ್ಲಿ ಎರಡು ಎಂಆರ್‌ಪಿಯ ಮಾಲು ಒಂದೇ ಶೆಲ್ಫಿನಲ್ಲಿ ಸೇರಿಕೊಳ್ಳುವುದು ಸಹಜ. ಆಗ ಕಂಪ್ಯೂಟರ್ ಎರಡು ಬೆಲೆ ತೋರಿಸಿ ಯಾವುದು ಎಂದು ಕೇಳುತ್ತದೆ. ಸಾಲು ಉದ್ದವಿದೆ ಎಂದು ಮೊದಲನೆಯದನ್ನೇ ಒತ್ತಿಬಿಡಬೇಡಿ, ಪ್ಯಾಕೆಟ್ಟು ತಿರುಗಿಸಿ ನೋಡಿ. ಎಂಆರ್‌ಪಿಗಿಂತ ಹೆಚ್ಚು ಪಡೆಯುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಎದುರಿಗೆ ನಿಂತಿರುವುದು ಎರಡು ರೂಪಾಯಿಯನ್ನೂ ಲೆಕ್ಕ ಹಾಕಿ ಸಂಸಾರ ತೂಗಿಸುವ ಒಬ್ಬ ತಾಯಿ ಇರಬಹುದು.

ಸಾಮಾನ್ಯ ಬಾರ್‌ಕೋಡ್‌ನಲ್ಲಿ ಎಕ್ಸ್‌ಪೈರಿ ದಿನಾಂಕವಾಗಲಿ, ಬ್ಯಾಚ್ ನಂಬರ್ ಆಗಲಿ ಇರುವುದಿಲ್ಲ. ನಾಳೆ ಕೆಡುವ ಹಾಲಿನ ಪುಡಿಗೂ ಮುಂದಿನ ವರ್ಷ ಕೆಡುವುದಕ್ಕೂ ಅದೇ ‘ಬೀಪ್’. ಮೊದಲು ಕೆಡುವುದು ಮೊದಲು ಹೊರಡಬೇಕು ಎಂಬ ನಿಯಮವನ್ನು ಅಲ್ಲಿ ನಿಮ್ಮ ಕಣ್ಣೇ ಪಾಲಿಸಬೇಕು. ದೊಡ್ಡ ಪೆಟ್ಟಿಗೆಗಳ ಮೇಲಿನ ಉದ್ದ ಬಾರ್‌ಕೋಡ್ ಅಥವಾ ಚೌಕಾಕಾರದ ಕೋಡ್ ಬ್ಯಾಚ್, ದಿನಾಂಕಗಳನ್ನೂ ಹೊರಬಲ್ಲದು. ಅದರ ಕೆಳಗೆ ಆವರಣದಲ್ಲಿ 10 ಎಂದಿದ್ದರೆ ಮುಂದಿನದು ಬ್ಯಾಚ್, 17 ಎಂದಿದ್ದರೆ ಮುಂದಿನ ಆರು ಅಂಕಿ ಎಕ್ಸ್‌ಪೈರಿ: ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಇದನ್ನು ದಿನ ಮೊದಲು ಎಂದು ಓದಿಕೊಂಡರೆ ಇಡೀ ಲೋಡ್ ತಲೆಕೆಳಗಾಗುತ್ತದೆ. ಔಷಧದ ಗೋದಾಮಿನಲ್ಲಿ ಇರುವವರಂತೂ ಇದನ್ನು ಕಂಠಪಾಠ ಮಾಡಿಕೊಳ್ಳಿ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್ ಔಷಧಗಳ ಮೇಲೆ 2023ರ ಆಗಸ್ಟ್ 1ರಿಂದ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಒಂದು ಬ್ಯಾಚ್ ಕೆಟ್ಟಿದೆ ಎಂದು ಗೊತ್ತಾದಾಗ ಅದು ಯಾವ ಯಾವ ಅಂಗಡಿಗೆ ಹೋಯಿತು ಎಂದು ಹುಡುಕಲು ನೀವು ಮಾಡಿದ ಸ್ಕ್ಯಾನೇ ಆಧಾರ.

ಲೇಬಲ್ ಓದದಿದ್ದರೆ ಯಂತ್ರವನ್ನು ಕುಟ್ಟಬೇಡಿ, ಕಾರಣ ಹುಡುಕಿ. ಲೇಸರ್ ಸ್ಕ್ಯಾನರಿನ ಬೆಳಕು ಕೆಂಪು; ಆ ಬೆಳಕಿಗೆ ಕೆಂಪು ಗೆರೆ ಬಿಳಿಯಾಗಿಯೇ ಕಾಣುತ್ತದೆ. ಗೆರೆಗಳ ಎಡಬಲದಲ್ಲಿ ಖಾಲಿ ಬಿಳಿ ಜಾಗ ಇರಲೇಬೇಕು; ಅದರ ಮೇಲೆ ಟೇಪ್ ಅಂಟಿಸಿದರೆ, ಪೆನ್ನಿನಿಂದ ಗೀಚಿದರೆ ಶುರು ಎಲ್ಲಿ, ಕೊನೆ ಎಲ್ಲಿ ಎಂದು ಯಂತ್ರಕ್ಕೆ ತಿಳಿಯದು. ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆ ಹೊಳೆಯುತ್ತಿದ್ದರೆ ಸ್ಕ್ಯಾನರನ್ನು ಸ್ವಲ್ಪ ಓರೆಯಾಗಿ ಹಿಡಿಯಿರಿ. ಮೊಬೈಲ್ ಪರದೆಯ ಮೇಲಿನ ಕೋಡನ್ನು ಓದಲು ಲೇಸರ್ ತಿಣುಕುತ್ತದೆ, ಕ್ಯಾಮೆರಾ ಇರುವ ಸ್ಕ್ಯಾನರ್ ಬೇಕು. ಜಪಾನಿನ ಡೆನ್ಸೊ ಕಂಪನಿ 1994ರಲ್ಲಿ ತಂದ ಕ್ಯೂಆರ್ ಕೋಡ್ ಲೇಬಲ್ ಹಾಳಾಗುವ ವಿಷಯದಲ್ಲಿ ಗಟ್ಟಿ. ಅತಿ ಹೆಚ್ಚಿನ ರಕ್ಷಣೆಯ ಮಟ್ಟದಲ್ಲಿ ಮುದ್ರಿಸಿದ್ದರೆ ಸುಮಾರು ಶೇ. 30ರಷ್ಟು ಹಾಳಾದರೂ ಓದಿಸಿಕೊಳ್ಳುತ್ತದೆ. ಕಂಪ್ಯೂಟರಿಗೆ ತಗುಲಿಸಿದ ಬಹುತೇಕ ಸ್ಕ್ಯಾನರ್‌ಗಳು ಕೀಬೋರ್ಡಿನಂತೆಯೇ ಅಕ್ಷರ ಹೊಡೆಯುತ್ತವೆ. ಕೀಬೋರ್ಡ್ ಕನ್ನಡಕ್ಕೆ ಬದಲಾಗಿದ್ದರೆ ಇಂಗ್ಲಿಷ್ ಅಕ್ಷರವಿರುವ ಕೋಡ್ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಮೂಡಬಹುದು. ಸ್ಕ್ಯಾನರ್ ಕೆಟ್ಟಿತು ಎಂದು ದೂರುವ ಮೊದಲು ಅದನ್ನು ನೋಡಿ.

ಈಗ ಬಟ್ಟೆ, ಪಾದರಕ್ಷೆಗಳ ಅಂಗಡಿಗಳಿಗೆ ಆರ್‌ಎಫ್‌ಐಡಿ ಟ್ಯಾಗ್ ಬಂದಿದೆ. ಗಾಡಿಯ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಕೂಡ ಇದೇ ಜಾತಿಯದು. ಟ್ಯಾಗಿನಲ್ಲಿ ಬ್ಯಾಟರಿ ಇಲ್ಲ, ರೀಡರ್ ಕಳಿಸುವ ತರಂಗದಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆ ಹೇಳುತ್ತದೆ. ಇಲ್ಲಿ ಒಂದೊಂದು ಅಂಗಿಗೂ ಬೇರೆ ಬೇರೆ ಸಂಖ್ಯೆ. ಪೆಟ್ಟಿಗೆ ತೆರೆಯದೆಯೇ ಒಳಗಿನ ಹತ್ತಾರು ಅಂಗಿಗಳನ್ನು ಕೆಲವೇ ಕ್ಷಣದಲ್ಲಿ ಎಣಿಸಬಹುದು. ಆದರೆ ತರಂಗಕ್ಕೆ ಗಡಿ ಇಲ್ಲ. ಪಕ್ಕದ ರ‍್ಯಾಕಿನಲ್ಲಿರುವುದೂ ನಿಮ್ಮ ಎಣಿಕೆಗೆ ಸೇರಿಬಿಡಬಹುದು. ನೀರಿನ ಬಾಟಲಿ, ಎಣ್ಣೆಯ ತಗಡಿನ ಡಬ್ಬಗಳ ನಡುವೆ ಸಿಕ್ಕಿದ ಟ್ಯಾಗ್ ಸುಮ್ಮನಾಗಿಬಿಡಬಹುದು. ನೀರು ಆ ತರಂಗವನ್ನು ಹೀರುತ್ತದೆ, ಲೋಹ ಹಿಂದಕ್ಕೆ ತಳ್ಳುತ್ತದೆ. ಎಣಿಕೆ ಹೆಚ್ಚು ಬಂದರೂ ಕಡಿಮೆ ಬಂದರೂ ಅದೇ ಜಾಗದಲ್ಲಿ ಇನ್ನೊಮ್ಮೆ ಎಣಿಸಿ. ಅನುಮಾನ ಉಳಿದರೆ ಪೆಟ್ಟಿಗೆ ತೆರೆದು ಕೈಯಿಂದ ಎಣಿಸಲು ಸೋಮಾರಿತನ ಬೇಡ.

ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಲೇಸರನ್ನು ಯಾರ ಕಣ್ಣಿಗೂ ತಮಾಷೆಗೆ ಕೂಡ ಬಿಡಬೇಡಿ. ಮಣಿಕಟ್ಟು ನೋಯುತ್ತಿದ್ದರೆ ತಡಮಾಡದೆ ಸೂಪರ್‌ವೈಸರಿಗೆ ಹೇಳಿ. ಶಿಫ್ಟ್ ಮುಗಿಸಿ ಹೊರಡುವ ಮೊದಲು ಸ್ಕ್ಯಾನರನ್ನು ಚಾರ್ಜಿಗೆ ಇಡಿ, ನೆಟ್‌ವರ್ಕ್ ಸಿಗದ ಮೂಲೆಯಲ್ಲಿ ಮಾಡಿದ ಸ್ಕ್ಯಾನ್‌ಗಳೆಲ್ಲ ಸರ್ವರ್ ಸೇರಿವೆಯೇ ನೋಡಿ. ನಿಮ್ಮ ನಂತರ ಬರುವವರಿಗೆ ಅದು ನೀವು ಮಾಡುವ ಉಪಕಾರ.

ಕೊನೆಯದು ನಡತೆಯ ಮಾತು. ಟಾರ್ಗೆಟ್ ಮುಟ್ಟಲು ಐದು ಪೆಟ್ಟಿಗೆಯ ಬದಲು ಒಂದೇ ಪೆಟ್ಟಿಗೆಯನ್ನು ಐದು ಸಲ ಸ್ಕ್ಯಾನ್ ಮಾಡುವವರಿದ್ದಾರೆ. ಮೇಲಿನ ರ‍್ಯಾಕಿಗೆ ಹೋಗುವ ಶ್ರಮ ತಪ್ಪಿಸಲು ಅದರ ಲೇಬಲ್ಲಿನ ನಕಲನ್ನು ಜೇಬಿನಲ್ಲಿಟ್ಟುಕೊಳ್ಳುವವರಿದ್ದಾರೆ. ಹೊಸಬರಿಗೆ ಇದನ್ನೇ ಜಾಣತನ ಎಂದು ಹೇಳಿಕೊಡುತ್ತಾರೆ. ಕಲಿಯಬೇಡಿ. ಆ ಐದರಲ್ಲಿ ಒಂದು ಒಡೆದಿದ್ದರೆ, ಒಂದು ಬೇರೆ ಮಾಲಾಗಿದ್ದರೆ, ಅದು ಲಾರಿ ಹತ್ತಿ ಊರು ಸೇರಿ ಯಾರದೋ ಮನೆಯಲ್ಲಿ ತೊಂದರೆಯಾಗುತ್ತದೆ. ಪ್ರತಿ ಸ್ಕ್ಯಾನ್ ಜತೆಗೆ ನಿಮ್ಮ ಹೆಸರು, ಸಮಯ ದಾಖಲಾಗುತ್ತದೆ. ಆದ್ದರಿಂದ ನಿಮ್ಮ ಲಾಗಿನ್ನನ್ನು ಆಪ್ತ ಗೆಳೆಯನಿಗೂ ಕೊಡಬೇಡಿ, ಬೇರೆಯವರ ಲಾಗಿನ್ನಿನಲ್ಲಿ ಕೆಲಸ ಮಾಡಬೇಡಿ. ಟಾರ್ಗೆಟ್ ಕೈಗೆ ಮೀರಿದ್ದಾಗಿದ್ದರೆ ಎಲ್ಲರೂ ಸೇರಿ ಮೇಲಿನವರಿಗೆ ಹೇಳಿ. ಸುಳ್ಳು ಸ್ಕ್ಯಾನ್‌ನಿಂದ ಆ ಟಾರ್ಗೆಟ್ ಸಾಧ್ಯ ಎಂದು ನೀವೇ ಸಾಕ್ಷಿ ಹೇಳಿದಂತಾಗುತ್ತದೆ.

ಮಕ್ಕಳೇ, ಸ್ಕ್ಯಾನರಿನ ಮಾದರಿ ಬದಲಾಗುತ್ತದೆ, ಕಂಪನಿಯೂ ಬದಲಾಗಬಹುದು. ಲೇಬಲ್ಲಿಗೂ ಮಾಲಿಗೂ ತಾಳೆ ನೋಡಿಯೇ ಮುಂದಕ್ಕೆ ಕಳಿಸುವ ಅಭ್ಯಾಸ ನಿಮ್ಮ ಜೊತೆಯೇ ಬರುತ್ತದೆ, ಅದಕ್ಕೆ ಎಲ್ಲ ಗೋದಾಮಿನಲ್ಲೂ ಬೆಲೆಯಿದೆ. ಆ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಿ.