ಕಂಠಪಾಠವೂ ಕಾಲೇಜಿನ ಓದೂ

ಮಠಕ್ಕೆ ದರ್ಶನಾರ್ಥವಾಗಿ ಬರುವ ಭಕ್ತರು ತಮ್ಮ ಮಕ್ಕಳ ಕಾಲೇಜು ವಿದ್ಯಾಭ್ಯಾಸವನ್ನು ಕುರಿತು ಎರಡು ಸಂದೇಹಗಳನ್ನು ಮುಂದಿಡುವುದುಂಟು. "ಹುಡುಗ ರಾತ್ರಿಯೆಲ್ಲ ಓದುತ್ತಾನೆ, ಪರೀಕ್ಷೆಯಲ್ಲಿ ಮಾತ್ರ ಏನನ್ನೂ ಬರೆಯಲಾರ. ಇದಕ್ಕೇನು ಕಾರಣ?" ಎಂಬುದು ಒಂದು. "ಉರು ಹೊಡೆಯುವುದು ತಪ್ಪೆಂದು ಅಧ್ಯಾಪಕರು ಹೇಳುತ್ತಾರೆ, ಶರಣರೂ ಗಿಣಿಪಾಠವನ್ನು ಹಳಿದಿದ್ದಾರೆ, ಹಾಗಿರಲು ಬಾಯಿಪಾಠ ಮಾಡೆಂದು ಮಕ್ಕಳಿಗೆ ಹೇಳಬಹುದೆ?" ಎಂಬುದು ಮತ್ತೊಂದು. ಎರಡನೆಯದನ್ನೇ ಮೊದಲು ವಿಚಾರಿಸೋಣ.

ಶರಣರು ಸ್ಮರಣಶಕ್ತಿಯನ್ನು ಹಳಿಯಲಿಲ್ಲ. ನಡೆಯೊಳಗೆ ಇಳಿಯದೆ ನಾಲಿಗೆಯ ಮೇಲೆಯೇ ನಿಂತ ನುಡಿಯನ್ನು ಹಳಿದರು. ಪಂಜರದ ಗಿಣಿ ಎಷ್ಟು ಇಂಪಾಗಿ ನುಡಿದರೂ ಬೆಕ್ಕು ಎದುರಾದಾಗ ಆ ನುಡಿ ಅದರ ನೆರವಿಗೆ ಬಾರದು, ದೋಷವಿರುವುದು ಅಲ್ಲಿ. ಆದರೆ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಹೆಸರುಗಳೇ ಕ್ರಮವಾಗಿ ನೆನಪಿಗೆ ಬಾರದವನಿಗೆ, ಪ್ರಸಾದಿಸ್ಥಲವಾದ ಮೇಲೆ ಪ್ರಾಣಲಿಂಗಿಸ್ಥಲವೇ ಏಕೆ ಬಂದಿತೆಂಬ ಪ್ರಶ್ನೆ ಹುಟ್ಟುವುದಾದರೂ ಹೇಗೆ? ಕಣಜ ಬರಿದಾಗಿರುವಾಗ ಒಲೆ ಹೊತ್ತಿಸಿ ಕುಳಿತರೆ ಅಡುಗೆಯಾಗದು. ಕಾಲೇಜಿನ ವಿಷಯಗಳಲ್ಲಿಯೂ ಹೀಗೆಯೇ. ಲೆಕ್ಕಶಾಸ್ತ್ರದಂತಹ ವಿಷಯಗಳಿಗೆ ಕೈಯ ಅಭ್ಯಾಸವೇ ಮುಖ್ಯವೆಂಬುದು ಬೇರೆ ಮಾತು.

ಇನ್ನು ಮೊದಲನೆಯ ಸಂದೇಹ. ನಮ್ಮ ಪಾಠಶಾಲೆಯಲ್ಲಿ ಹಿಂದೆ ಓದಿದ ಹುಡುಗಿಯೊಬ್ಬಳು ನರ್ಸಿಂಗ್ ಕಾಲೇಜಿನ ಮೊದಲ ವರ್ಷದಲ್ಲಿದ್ದಾಗ ರಜೆಗೆ ಊರಿಗೆ ಬಂದವಳು ನನ್ನನ್ನು ಕಾಣಬಂದಳು. ಶರೀರರಚನಾಶಾಸ್ತ್ರದ ಕಿರುಪರೀಕ್ಷೆಯಲ್ಲಿ ಅವಳು ತೇರ್ಗಡೆ ಹೊಂದಿರಲಿಲ್ಲ. ತಂದೆ ಸಾಲ ಮಾಡಿ ಶುಲ್ಕ ಕಟ್ಟಿದ್ದಾನೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವಳು ಇವಳೊಬ್ಬಳೇ. ವಾರ್ಷಿಕ ಪರೀಕ್ಷೆಯಲ್ಲಿಯೂ ಹೀಗಾದರೆ ಓದು ನಿಲ್ಲಿಸುವುದೆಂದು ಮನೆಯಲ್ಲಿ ಮಾತಾಗಿತ್ತು. "ಓದುವಾಗ ಎಲ್ಲವೂ ತಿಳಿದಿತ್ತು ಗುರುಗಳೆ, ಬರೆಯಲು ಕುಳಿತರೆ ಒಂದೂ ಹೊಳೆಯಲಿಲ್ಲ" ಎಂದಳು. ಹೇಗೆ ಓದಿದೆ ಮಗಳೆ ಎಂದು ಕೇಳಿದೆ. ಪಾಠವನ್ನು ಆರು ಸಲ ಓದಿದ್ದಳು, ಪುಟದ ತುಂಬ ಬಣ್ಣದ ಗೆರೆ ಎಳೆದಿದ್ದಳು. ಪುಸ್ತಕ ಮುಚ್ಚಿಟ್ಟು ಒಮ್ಮೆಯೂ ಹೇಳಿ ನೋಡಿರಲಿಲ್ಲ.

ದೋಷವೆಲ್ಲ ಇದೊಂದರಲ್ಲಿಯೇ ಇದೆ. ಕಣ್ಣಿಗೆ ಪರಿಚಿತವಾದುದನ್ನು ಮನಸ್ಸು ತನಗೆ ಬರುತ್ತದೆಂದೇ ಭ್ರಮಿಸುತ್ತದೆ. ನಮ್ಮ ಹಳೆಯ ಪಾಠಶಾಲೆಗಳಲ್ಲಿ ಈ ಭ್ರಮೆಗೆ ಎಡೆಯಿರಲಿಲ್ಲ. ಹಿಂದಿನ ಪಾಠವನ್ನು ಗುರುವಿನ ಮುಂದೆ ಒಪ್ಪಿಸದವನಿಗೆ ಮುಂದಿನ ಪಾಠವೇ ಇರಲಿಲ್ಲ. 'ಒಪ್ಪಿಸುವುದು' ಎಂಬ ಮಾತೇ ಎಷ್ಟು ಅರ್ಥವತ್ತಾಗಿದೆ ನೋಡಿರಿ! ಪಡೆದುದನ್ನು ಮರಳಿ ಎತ್ತಿ ಕೊಡಲು ಬಂದರೆ ಮಾತ್ರ ಅದು ನಮ್ಮ ಬಳಿ ಇದ್ದಿತೆಂದು ಅರ್ಥ.

ಇದನ್ನು ಅಮೆರಿಕದ ರೋಡಿಗರ್, ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಳೆದು ತೋರಿಸಿದ್ದಾರೆ. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠವನ್ನು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷಗಳ ಅನಂತರ ಕೇಳಿದಾಗ ಓದಿದವರು ನೂರಕ್ಕೆ 83ರಷ್ಟನ್ನು, ನೆನೆದು ಬರೆದವರು 71ರಷ್ಟನ್ನು ಹೇಳಿದರು. ಒಂದು ವಾರದ ಮೇಲೆ ಕೇಳಿದಾಗ ಫಲ ತಲೆಕೆಳಗಾಯಿತು: ಓದಿದವರಲ್ಲಿ 40, ನೆನೆದು ಬರೆದವರಲ್ಲಿ 61. ರಾತ್ರಿಯೆಲ್ಲ ಓದಿದ ಹುಡುಗನಿಗೆ ಅಂದಿನ ಮಟ್ಟಿಗೆ ಎಲ್ಲ ಬಂದಂತೆ ತೋರಿ, ಆಮೇಲೆ ಕೈಕೊಡುವುದು ಇದರಿಂದಲೇ.

ಕಾಲದ ಅಂತರವೂ ಮುಖ್ಯವಾದುದು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಲ ಗಂಟೆಗಳಲ್ಲಿ ಅತಿವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುವುದೆಂದು 1885ರಲ್ಲಿ ಪ್ರಕಟಿಸಿದನು. ಆದ್ದರಿಂದ ಇಂದು ಕಲಿತುದನ್ನು ನಾಳೆ ಒಮ್ಮೆ, ನಾಲ್ಕನೆಯ ದಿನ ಒಮ್ಮೆ, ವಾರಕ್ಕೊಮ್ಮೆ, ಮತ್ತೆ ತಿಂಗಳಿಗೊಮ್ಮೆ ಪುಸ್ತಕ ಮುಚ್ಚಿ ಒಪ್ಪಿಸಬೇಕು. ಒಂದೇ ರಾತ್ರಿ ಹತ್ತು ಸಲ ಓದುವುದಕ್ಕಿಂತ ಇದರಿಂದ ಶ್ರಮ ಕಡಿಮೆ, ಫಲ ಹೆಚ್ಚು. ದಿನದಿನದ ಲಿಂಗಪೂಜೆಯನ್ನು ಕೂಡಿಸಿಟ್ಟು ವರ್ಷಕ್ಕೊಂದು ದಿನ ಮಾಡಿ ಮುಗಿಸುತ್ತೇನೆನ್ನುವವನನ್ನು ಯಾರೂ ಒಪ್ಪುವುದಿಲ್ಲವಷ್ಟೆ?

ನೆನಪಿಗೆ ಹಿಡಿಕೆಯೂ ಬೇಕು. ನಮ್ಮ ಪೂರ್ವಿಕರು ಈ ಕಲೆಯಲ್ಲಿ ನಿಪುಣರು. 'ಯಮಾತಾರಾಜಭಾನಸಲಗಂ' ಎಂಬ ಹತ್ತೇ ಅಕ್ಷರಗಳಲ್ಲಿ ಛಂದಸ್ಸಿನ ಎಂಟು ಅಕ್ಷರಗಣಗಳೂ ಅಡಗಿವೆ. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರನ್ನು ಎಣಿಸಿದರೆ ಲಘುಗುರುಗಳು ತಾವಾಗಿ ದೊರೆಯುತ್ತವೆ. 'ಯಮಾತಾ' ಎಂದರೆ ಒಂದು ಲಘು ಎರಡು ಗುರು, ಅದು ಯಗಣ. 'ನಸಲ' ಎಂದರೆ ಮೂರೂ ಲಘು, ಅದು ನಗಣ. (ಇದನ್ನು ಅರ್ಥ ತಿಳಿಯದೆ ಉರು ಹೊಡೆದು, ಪದ್ಯಕ್ಕೆ ಪ್ರಸ್ತಾರ ಹಾಕಲಾರದ ಬಿ.ಎ. ವಿದ್ಯಾರ್ಥಿಗಳನ್ನೂ ಕಂಡಿದ್ದೇನೆ. ಅದು ನಿಜವಾದ ಗಿಣಿಪಾಠ.)

ಆ ಹುಡುಗಿಗೆ ಕಷ್ಟವಾಗಿದ್ದುದು ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳ ಪಟ್ಟಿ. ಅವಳ ಪುಸ್ತಕದಿಂದ ನಾನೂ ಕಲಿಯುತ್ತ, ಅವಳ ಮುಖವನ್ನೇ ಪುಸ್ತಕ ಮಾಡಿದೆವು. ವಿಭೂತಿ ಧರಿಸುವಾಗ ಕೈ ಒಂದೊಂದು ಸ್ಥಾನಕ್ಕೆ ಕ್ರಮವಾಗಿ ಹೋಗುವಂತೆ ಇಲ್ಲಿಯೂ ಬೆರಳು ನಡೆಯಬೇಕು. ಮೊದಲನೆಯದು ಮೂಗು, ವಾಸನೆ; ಎರಡನೆಯದು ಕಣ್ಣು, ನೋಟ. ಮೂರು, ನಾಲ್ಕು, ಆರು ಕಣ್ಣಾಲಿಯನ್ನು ತಿರುಗಿಸುವಂಥವು. ನಡುವೆ ಐದನೆಯದು ಮುಖದ ಸ್ಪರ್ಶಕ್ಕೂ ಅಗಿಯುವುದಕ್ಕೂ. ಏಳನೆಯದು ಮುಖಭಾವ, ಎಂಟನೆಯದು ಕಿವಿ, ಒಂಬತ್ತನೆಯದು ಗಂಟಲು. ಹತ್ತನೆಯದರ ಹೆಸರು 'ವೇಗಸ್' ಎಂದು ಅವಳು ಓದಿದಳು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ 'ಅಲೆಯುವುದು' ಎಂದು ಅರ್ಥ. ಅದು ತಲೆಯಲ್ಲಿ ನಿಲ್ಲದೆ ಕೊರಳಿಳಿದು ಹೃದಯ, ಶ್ವಾಸಕೋಶ, ಜಠರಗಳವರೆಗೆ ಸಂಚರಿಸುತ್ತದೆ. "ಹಾಗಾದರೆ ಇದು ಜಂಗಮ ನರ!" ಎಂದು ಅವಳೇ ಉದ್ಗರಿಸಿದಳು. ಆ ಹೆಸರನ್ನು ಅವಳು ಮತ್ತೆ ಮರೆಯಲಿಲ್ಲ. ಹನ್ನೊಂದನೆಯದು ಕತ್ತು, ಹೆಗಲು. ಹನ್ನೆರಡನೆಯದು ನಾಲಿಗೆಯ ಚಲನೆ.

ಇಲ್ಲಿ ಗೃಹಸ್ಥರಿಗೆ ಒಂದು ವಿಜ್ಞಾಪನೆ. "ನಮಗೆ ಓದು ಬಾರದು, ಕಾಲೇಜಿನ ಮಕ್ಕಳಿಗೆ ನಾವೇನು ನೆರವಾಗಬಲ್ಲೆವು?" ಎಂದು ಕೈಚೆಲ್ಲಬೇಡಿರಿ. ಒಪ್ಪಿಸುವವನಿಗೆ ಬೇಕಾದುದು ಕೇಳುವ ಕಿವಿ. ಹದಿನೈದು ನಿಮಿಷ ಎದುರಿಗೆ ಕುಳಿತು, ಪುಸ್ತಕವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ತಡವರಿಸಿದರೆಂದು ಗಮನಿಸಿದರೆ ಸಾಕು.

ಆ ಹುಡುಗಿಯ ಅಜ್ಜಿಗೆ ಅಕ್ಷರಾಭ್ಯಾಸವಿಲ್ಲ. ರಜೆ ಮುಗಿಯುವ ಮೊದಲು ಒಂದು ಸಂಜೆ ಅವರ ಮನೆಗೆ ಹೋದಾಗ ಮೊಮ್ಮಗಳು ಕಣ್ಣು ಮುಚ್ಚಿ ನರಗಳನ್ನು ಒಪ್ಪಿಸುತ್ತಿದ್ದಳು. ಅಜ್ಜಿ ಎದುರಿಗೆ ಕುಳಿತು, ಜಪ ಎಣಿಸುವಂತೆ ಹೆಬ್ಬೆರಳನ್ನು ಒಂದೊಂದು ಗೆಣ್ಣಿನ ಮೇಲಿಡುತ್ತಿದ್ದಳು. ನಾಲ್ಕು ಬೆರಳಿಗೆ ಗೆಣ್ಣುಗಳು ಹನ್ನೆರಡಷ್ಟೆ. ಹುಡುಗಿ ಎಲ್ಲ ಮುಗಿಯಿತೆಂದು ಕಣ್ಣು ತೆರೆದಳು. ಅಜ್ಜಿ ಕೈ ಮುಂದೆ ಚಾಚಿ, "ಹನ್ನೊಂದಾತವ್ವಾ, ಇನ್ನೂ ಒಂದು ಉಳೀತು ನೋಡು" ಎಂದಳು.