ಸರ್ಕಲ್‌ನಲ್ಲಿ ಒಳಗಿನವರು ಸರಿಯೋ, ಹೊರಗಿನವರು ಸರಿಯೋ?

ಪ್ರಶ್ನೆ: ನಾಲ್ಕು ರಸ್ತೆ ಕೂಡುವ ದೊಡ್ಡ ಸರ್ಕಲ್‌ನಲ್ಲಿ ನಾನು ಬಲಕ್ಕೆ ಹೋಗಬೇಕಿತ್ತು. ಒಳಗಿನ ಲೇನ್ ಹಿಡಿದು ಸುತ್ತಿದೆ. ನನ್ನ ರಸ್ತೆ ಹತ್ತಿರ ಬಂದಾಗ ಎಡ ಇಂಡಿಕೇಟರ್ ಹಾಕಿ ಹೊರಬರುವಷ್ಟರಲ್ಲಿ, ಹೊರಗಿನ ಲೇನ್‌ನಲ್ಲಿದ್ದ ಕಾರು ಸುತ್ತುತ್ತಲೇ ಮುಂದೆ ಬಂದು ನನ್ನ ಕಾರಿನ ಎಡಬಾಗಿಲಿಗೆ ಉಜ್ಜಿತು. ‘ಒಳಗಿದ್ದವರೇ ನೋಡಿಕೊಂಡು ಬರಬೇಕಿತ್ತು’ ಎಂದು ಆ ಚಾಲಕರು ಜಗಳಕ್ಕೆ ಬಂದರು. ಪಕ್ಕದಲ್ಲಿ ಕೂತಿದ್ದ ನನ್ನ ಭಾವನೂ ಅವರ ಪರ ವಹಿಸಿದರು. ನಿಜವಾಗಿ ತಪ್ಪು ಯಾರದು?
— ಓದುಗರೊಬ್ಬರು, ಮೈಸೂರು

ಉತ್ತರ: ಬಲಕ್ಕೆ ಹೋಗುವವರು ಒಳಗಿನ ಲೇನ್ ಹಿಡಿಯಬೇಕು; ಅಷ್ಟರಮಟ್ಟಿಗೆ ನೀವು ಮಾಡಿದ್ದು ಸರಿ. ಆದರೆ ಹೊರಬರುವಾಗ ಇನ್ನೊಬ್ಬರ ಲೇನ್ ದಾಟುತ್ತಿದ್ದವರು ನೀವು. ಲೇನ್ ಬದಲಿಸುವವರೇ ನೋಡಿಕೊಂಡು ಬದಲಿಸಬೇಕು ಎಂಬ ನಿಯಮ ಸರ್ಕಲ್ ಒಳಗೂ ತಪ್ಪುವುದಿಲ್ಲ. ಇಂಡಿಕೇಟರ್ ಹಾಕಿದ ಮಾತ್ರಕ್ಕೆ ದಾರಿ ನಮ್ಮದಾಗುವುದಿಲ್ಲ. ಭಾವನವರ ಮಾತಿನಲ್ಲಿ ಇಷ್ಟು ನಿಜವಿದೆ.

ಉಳಿದದ್ದು ಒಂದೇ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಆ ಇನ್ನೊಂದು ಕಾರು ಸರ್ಕಲ್‌ಗೆ ಬಂದದ್ದು ಯಾವ ರಸ್ತೆಯಿಂದ? ಇಂಥ ಜಗಳಗಳಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಎಲ್ಲರೂ ಬಂಪರ್ ನೋಡುತ್ತಾರೆ, ಗೀರು ನೋಡುತ್ತಾರೆ.

ನೀವು ದಕ್ಷಿಣದಿಂದ ಬಂದಿರಿ ಎಂದುಕೊಳ್ಳೋಣ. ನಮ್ಮಲ್ಲಿ ವಾಹನಗಳು ಸರ್ಕಲನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತವೆ. ಮೊದಲು ಸಿಗುವುದು ಪಶ್ಚಿಮದ ರಸ್ತೆ, ಆಮೇಲೆ ಉತ್ತರದ್ದು, ಮೂರನೆಯದು ನಿಮಗೆ ಬೇಕಾದ ಪೂರ್ವದ ರಸ್ತೆ. ಆ ಕಾರೂ ನಿಮ್ಮ ಜೊತೆಗೇ ದಕ್ಷಿಣದಿಂದ ಹೊರಟು, ಹೊರಗಿನ ಲೇನ್‌ನಲ್ಲೇ ಪೂರ್ವವನ್ನೂ ದಾಟಿ ಹೋಗುತ್ತಿದ್ದರೆ ಅದು ಯು-ಟರ್ನ್. ಯು-ಟರ್ನ್‌ಗೆ ಹೊರಗಿನ ಲೇನ್ ಹಿಡಿದದ್ದು ಅವರ ತಪ್ಪು. ಪಶ್ಚಿಮದಿಂದ ಬಂದಿದ್ದರೆ ಅವರು ಬಲಕ್ಕೆ ಹೋಗುವವರು, ನಿಮ್ಮ ಹಾಗೆ ಅವರೂ ಒಳಗಿರಬೇಕಿತ್ತು. ಕಷ್ಟದ್ದು ಮೂರನೆಯದು. ಅವರು ಉತ್ತರದಿಂದ ಬಂದು ನೇರವಾಗಿ ದಕ್ಷಿಣಕ್ಕೆ ಹೋಗುವವರಾಗಿದ್ದರೆ ಹೊರಗಿನ ಲೇನ್ ಅವರಿಗೆ ನ್ಯಾಯವಾದ ಲೇನ್. ಸರ್ಕಲ್‌ಗೆ ಒಳಬರುವವರು ಆಗಲೇ ಸುತ್ತುತ್ತಿರುವವರಿಗೆ ದಾರಿ ಬಿಡಬೇಕಾದ್ದರಿಂದ, ಆಗ ನೋಡಬೇಕಾದದ್ದು ಅವರು ಒಳಬಂದ ಕ್ಷಣವನ್ನು. ನೀವು ಹತ್ತಿರ ಬಂದಾಗಿದ್ದೂ ಮುಂದೆ ನುಗ್ಗಿದ್ದರೆ ತಪ್ಪಿನ ದೊಡ್ಡ ಪಾಲು ಅವರದು. ನೀವಿನ್ನೂ ದೂರವಿದ್ದಾಗಲೇ ಒಳಬಂದು ತಮ್ಮ ಪಾಡಿಗೆ ಹೋಗುತ್ತಿದ್ದರೆ, ಅವರಿಗೆ ಅಡ್ಡ ಬಂದವರು ನೀವು. ಅಪಘಾತ ಪರಿಹಾರದ ಪ್ರಕರಣಗಳಲ್ಲಿ ನ್ಯಾಯಮಂಡಳಿಗಳು ತಪ್ಪನ್ನು ಇಬ್ಬರಿಗೂ ಹಂಚುವುದುಂಟು. ಅದು ರಾಜಿ ಪಂಚಾಯಿತಿಯಲ್ಲ. ಇಬ್ಬರೂ ಅಜಾಗರೂಕರಾಗಿರುವುದು ಸಾಧ್ಯ ಎಂಬ ತಿಳಿವಳಿಕೆ.

ಸರ್ಕಲ್‌ನಲ್ಲಿ ಆಗಲೇ ಸುತ್ತುತ್ತಿರುವವರಿಗೇ ಮೊದಲ ಹಕ್ಕು ಏಕೆ ಎಂದು ನೀವು ಕೇಳಬಹುದು. ಒಳಬರುವವರಿಗೆ ಹಕ್ಕು ಕೊಟ್ಟರೆ ಸರ್ಕಲ್ ತುಂಬುತ್ತದೆ. ಸುತ್ತುತ್ತಿರುವವರು ಹೊರಹೋಗುವ ದಾರಿ ತಲುಪುವ ಮೊದಲೇ ನಿಲ್ಲಬೇಕಾಗುತ್ತದೆ. ಅವರು ನಿಂತರೆ ಹಿಂದಿನವರೂ ನಿಲ್ಲುತ್ತಾರೆ, ಇಡೀ ವೃತ್ತ ಬೀಗ ಹಾಕಿಕೊಳ್ಳುತ್ತದೆ. ಇದನ್ನು ಅನುಭವಿಸಿಯೇ ಬ್ರಿಟನ್ 1966ರಲ್ಲಿ, ಒಳಬರುವವರು ಬಲಗಡೆಯಿಂದ ಸುತ್ತಿ ಬರುವವರಿಗೆ ದಾರಿ ಬಿಡಬೇಕೆಂದು ನಿಯಮ ಮಾಡಿತು. ಫ್ರಾನ್ಸ್ ಇದೇ ದಾರಿಗೆ ಬಂದದ್ದು 1980ರ ದಶಕದಲ್ಲಿ. ಆದರೂ ಹನ್ನೆರಡು ಅವೆನ್ಯೂಗಳು ಕೂಡುವ ಪ್ಯಾರಿಸ್‌ನ ಎತ್ವಾಲ್ ವೃತ್ತದಲ್ಲಿ ಈಗಲೂ ಹಳೆಯ ಪದ್ಧತಿಯೇ: ಸುತ್ತುತ್ತಿರುವವರು ನಿಂತು, ಒಳಬರುವವರಿಗೆ ದಾರಿ ಕೊಡಬೇಕು. ನಮ್ಮ ದೇಶದ 2017ರ ಚಾಲನಾ ನಿಯಮಗಳು ವೃತ್ತದಲ್ಲಿ ಈಗಾಗಲೇ ಇರುವ ವಾಹನಕ್ಕೇ ಆದ್ಯತೆ ಕೊಡುತ್ತವೆ. ಸಿಗ್ನಲ್ ಇದ್ದಲ್ಲಿ, ಸಂಚಾರ ಪೊಲೀಸರು ನಿಂತಲ್ಲಿ ಅವರು ಹೇಳಿದ್ದೇ ಕೊನೆ.

ಇನ್ನು ಲೇನ್ ವಿಚಾರ. ಎಡಕ್ಕೆ ಹೋಗುವವರು ಎಡ ಲೇನ್, ಬಲಕ್ಕೂ ಯು-ಟರ್ನ್‌ಗೂ ಬಲ ಲೇನ್, ನೇರ ಹೋಗುವವರಿಗೆ ಸಾಮಾನ್ಯವಾಗಿ ಎಡ ಲೇನ್. ರಸ್ತೆಯ ಮೇಲೆ ಬೇರೆ ಬಾಣ ಬರೆದಿದ್ದರೆ ಬಾಣದ ಪ್ರಕಾರ. ಇದನ್ನು ಸರ್ಕಲ್ ಒಳಗೆ ಬಂದಮೇಲೆ ತೀರ್ಮಾನಿಸಲಾಗುವುದಿಲ್ಲ, ಐವತ್ತು ಮೀಟರ್ ಮೊದಲೇ ಆಗಿರಬೇಕು. ನಿಮಗೆ ಬೇಕಾದ ರಸ್ತೆಯ ಹಿಂದಿನ ರಸ್ತೆ ದಾಟಿದ ಕೂಡಲೇ ಎಡ ಇಂಡಿಕೇಟರ್ ಹಾಕಿ, ಎಡ ಮಿರರ್ ನೋಡಿ, ಒಮ್ಮೆ ಕತ್ತು ತಿರುಗಿಸಿಯೂ ನೋಡಿ. ಜಾಗ ಸಿಗಲಿಲ್ಲವೆಂದರೆ ಇನ್ನೊಂದು ಸುತ್ತು ಹಾಕಿ ಬನ್ನಿ. ಅರ್ಧ ನಿಮಿಷವೂ ಹಿಡಿಯದ ಆ ಸುತ್ತನ್ನು ಅವಮಾನವೆಂದುಕೊಳ್ಳುವವರಿಂದಲೇ ಎಷ್ಟೋ ಬಾಗಿಲುಗಳಿಗೆ ಪೆಟ್ಟು ಬೀಳುತ್ತದೆ.

ನಮ್ಮಲ್ಲಿ ಬಲವಾಗಿ ಬೇರೂರಿರುವ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ನೇರ ಹೋಗುತ್ತೇವೆ ಎಂದು ತಿಳಿಸಲು ನಾಲ್ಕೂ ಇಂಡಿಕೇಟರ್ ಮಿನುಗಿಸುವುದು. ನಿಮ್ಮ ಎಡಕ್ಕಿರುವ ಸ್ಕೂಟರ್‌ನವರಿಗೆ ಕಾಣುವುದು ನಿಮ್ಮ ಎಡಗಡೆಯ ದೀಪ ಮಾತ್ರ. ಅವರ ಲೆಕ್ಕದಲ್ಲಿ ನೀವು ಎಡಕ್ಕೆ ತಿರುಗುತ್ತಿದ್ದೀರಿ. ಬಲಕ್ಕಿರುವವರು ಬಲದ ದೀಪವನ್ನಷ್ಟೇ ನೋಡಿ ಬ್ರೇಕ್ ಹಾಕುತ್ತಾರೆ. ಒಂದೇ ಕಾರು ಇಬ್ಬರಿಗೆ ಎರಡು ಸುಳ್ಳು ಹೇಳಿದಂತಾಯಿತು. ಆ ದೀಪಗಳು ಇರುವುದು ಕೆಟ್ಟು ನಿಂತ ಗಾಡಿಗೆ. ನೇರ ಹೋಗುವವರು ಸರ್ಕಲ್ ಪ್ರವೇಶಿಸುವಾಗ ಯಾವ ದೀಪವನ್ನೂ ಹಾಕಬೇಕಿಲ್ಲ.

ಸೈಕಲ್‌ನವರು ಬಲಕ್ಕೆ ಹೋಗುವಾಗಲೂ ಹೊರ ಅಂಚಿನಲ್ಲೇ ಸುತ್ತಿ ಬರಬಹುದು; ಬ್ರಿಟನ್ನಿನ ಹೆದ್ದಾರಿ ಸಂಹಿತೆ ಇದನ್ನು ಚಾಲಕರಿಗೆ ಬಿಡಿಸಿ ಹೇಳುತ್ತದೆ. ನಮ್ಮ ಊರುಗಳಲ್ಲಿ ಸ್ಕೂಟರ್‌ಗಳೂ ಹಾಗೇ ಬರುತ್ತವೆ, ಅವುಗಳಿಗೂ ಜಾಗ ಬಿಡಿ. ಇನ್ನು ಬೈಕ್ ಓಡಿಸುವವರು ಬಸ್ಸಿಗೂ ನಡುವಿನ ಕಟ್ಟೆಗೂ ಮಧ್ಯೆ ಎಂದೂ ನುಸುಳಬಾರದು. ಬಸ್ಸು ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಕಟ್ಟೆಯ ಕಡೆಗೆ ಒಳಸರಿಯುತ್ತದೆ.

ಕೊನೆಯದಾಗಿ, ತಪ್ಪೆಲ್ಲ ಚಾಲಕರ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ನಾಲ್ಕು ರಸ್ತೆಗಳ ಸಾಮಾನ್ಯ ಕೂಡುದಾರಿಯಲ್ಲಿ ವಾಹನಗಳ ದಾರಿ ಪರಸ್ಪರ ತಾಕುವ ಜಾಗಗಳು 32. ಒಂದೇ ಲೇನ್‌ನ ವೃತ್ತದಲ್ಲಿ 8. ಎರಡನೆಯ ಲೇನ್ ಸೇರಿಸಿದಾಗ ನಿಮಗಾದಂಥ ಹೊರಬರುವ ಘರ್ಷಣೆ ಹುಟ್ಟಿಕೊಳ್ಳುತ್ತದೆ. ನೆದರ್ಲೆಂಡ್ಸ್‌ನ ಎಂಜಿನಿಯರ್ ಫೋರ್ಟೌನ್ 1990ರ ದಶಕದಲ್ಲಿ ಟರ್ಬೊ ವೃತ್ತವನ್ನು ರೂಪಿಸಿದ್ದು ಇದಕ್ಕೇ. ಅಲ್ಲಿ ಲೇನ್‌ಗಳು ಸುರುಳಿಯಂತೆ ತಾವಾಗಿಯೇ ಹೊರದಾರಿಗೆ ಒಯ್ಯುತ್ತವೆ, ನಡುವೆ ತಗ್ಗಾದ ದಿಂಡು ಇರುವುದರಿಂದ ಒಳಗೆ ಲೇನ್ ಬದಲಿಸುವ ಪ್ರಮೇಯವೇ ಇಲ್ಲ. ನಮ್ಮ ಹಳೆಯ ವೃತ್ತಗಳನ್ನು ಒಡೆದು ಹಾಗೆ ಕಟ್ಟಿ ಎನ್ನುತ್ತಿಲ್ಲ. ಸರ್ಕಲ್‌ಗೆ ಸಾಕಷ್ಟು ಮೊದಲೇ ರಸ್ತೆಯ ಮೇಲೆ ಬಾಣ, ಒಳಗೆ ಸುರುಳಿ ಗೆರೆ, ಪ್ರವೇಶದಲ್ಲಿ ‘ದಾರಿ ಬಿಡಿ’ ಫಲಕ, ಮಳೆಗಾಲ ಕಳೆದಮೇಲೆ ಮಾಸಿದ ಬಣ್ಣಕ್ಕೆ ಮತ್ತೊಂದು ಕೋಟು. ಇಷ್ಟನ್ನು ಸಂಚಾರ ಪೊಲೀಸರಿಗೂ ನಗರಪಾಲಿಕೆಗೂ ಬರೆದು ಕೇಳಿ. ಘಟನೆ ನಡೆದ ಜಾಗದ ಚಿತ್ರವಿದ್ದರೆ ಅರ್ಜಿಗೆ ಲಗತ್ತಿಸಿ; ಯಾವ ರಸ್ತೆಯಿಂದ ಬಂದವರು ಯಾವ ರಸ್ತೆಗೆ ಹೊರಟಿದ್ದರು ಎಂಬುದನ್ನು ಅದರ ಮೇಲೆ ಬಾಣ ಎಳೆದು ತೋರಿಸಿ.